ಗಂಗೊಳ್ಳಿಯಿಂದ ಇಬ್ಬರೇ, ಫೈಬರ್ ದೋಣಿಯಲ್ಲಿ ಕಲ್ಲಿನ ಮೇಲೆ ಗಾಳಕ್ಕೆ: ಲಂಗರು ಹೇಗೆ ಹಾಕ್ತೀರಿ?

ಪಂಚಗಂಗಾವಳಿ:
ಹ್ವಾಯ್, ಗಾಳದವರೆಲ್ಲ ಒಮ್ಮೆ ಇತ್ತ ಕಾಣಿ. ನಾನು ಮತ್ತು ದೋಸ್ತ, ಇಬ್ಬರೇ. 22 ಅಡಿ ಫೈಬರ್ ದೋಣಿ, 9.9 ಎಚ್‌ಪಿ ಔಟ್‌ಬೋರ್ಡ್. ನವೆಂಬರ್ ಕೊನೆಗೆ ಗಂಗೊಳ್ಳಿ ಅಳಿವೆ ದಾಟಿ ಸುಮಾರು 18 ಕಿ.ಮೀ. ಹೊರಗೆ ನೀರಡಿಯ ಒಂದು ಕಲ್ಲಿಗೆ ಹೋಗುವ ಯೋಚನೆ. ನೀರು 30 ಮೀಟರ್ ಆಸುಪಾಸು. ಮುರು (ಗ್ರೂಪರ್), ಕೆಂಬೇರಿ (ಕೆಂಪು ಸ್ನ್ಯಾಪರ್) ಸಿಕ್ಕಿದರೆ ಸಾಕು, ಅಂಜಲ್ ಬಂದರೆ ಬೇಡ ಎನ್ನುವುದಿಲ್ಲ.
ಪ್ರಶ್ನೆ ಇಷ್ಟು. ಲಂಗರು ಹಾಕಿ ಕೂರುವುದೋ, ದೋಣಿ ತೇಲಲು ಬಿಡುವುದೋ? ಹಗ್ಗ ಎಷ್ಟು ಬೇಕು? ಲಂಗರು ಕಲ್ಲಿಗೆ ಕಚ್ಚಿದರೆ ಇಬ್ಬರೇ ಬಿಡಿಸುವುದು ಹೇಗೆ? ಗಾಳ, ಅದನ್ನು ಮುಳುಗಿಸುವ ಸೀಸ, ಬೈಟ್ (ಎರೆ) ಯಾವುದು? ಪೆಟ್ರೋಲ್ 15 ಲೀಟರ್ ಸಾಕಾ?

ಕಡಲತಡಿ:
15 ಲೀಟರ್ ಸಾಲದು. ಉಳಿದದ್ದು ಆಮೇಲೆ.

ಮುರುಬಾಯಿ:
ಲಂಗರು. ಇಬ್ಬರೇ ಇದ್ದರೆ ಬೇರೆ ಮಾತೇ ಇಲ್ಲ.

ತೆಂಕುಗಾಳಿ:
ಅದು ಹೇಗೆ ಮಾತೇ ಇಲ್ಲ ಮಾರಾಯ್ರೆ? ಕಲ್ಲು ಎಷ್ಟು ಉದ್ದ ಎಂದು ಕೇಳದೆ ತೀರ್ಪು ಕೊಟ್ಟುಬಿಟ್ಟಿರಿ. ಅರ್ಧ ಕಿಲೋಮೀಟರ್ ಉದ್ದದ ಸಾಲುಗಲ್ಲು ಆದರೆ ತೇಲುವುದೇ ಸರಿ. ಮೀನು ಎಲ್ಲಿ ನಿಂತಿದೆ ಎಂದು ಗೊತ್ತಾಗುವುದೇ ತೇಲಿದಾಗ.

ಮುರುಬಾಯಿ:
ಸರಿ, ಲೆಕ್ಕ ಹಾಕುವ. ಕಲ್ಲು 40 ಮೀಟರ್ ಎಂದಿಟ್ಟುಕೊಳ್ಳಿ. ದೋಣಿ ಒಂದು ನಾಟ್ ಹತ್ತಿರ ಓಡಿದರೆ ಸೆಕೆಂಡಿಗೆ ಅರ್ಧ ಮೀಟರ್. ಅಂದರೆ ಕಲ್ಲಿನ ಮೇಲೆ ನಿಮಗೆ ಸಿಗುವುದು 80 ಸೆಕೆಂಡು. 200 ಗ್ರಾಂ ಸೀಸ 30 ಮೀಟರ್ ಇಳಿಯಲು 15ರಿಂದ 20 ಸೆಕೆಂಡು, ಅಷ್ಟರಲ್ಲಿ ದೋಣಿ 8-10 ಮೀಟರ್ ಜಾರಿತು. ಉಳಿದ ಒಂದು ನಿಮಿಷದಲ್ಲಿ ಮೀನು ಕಚ್ಚಬೇಕು. ಕಚ್ಚಲಿಲ್ಲವೋ, ದಾರ ಎಳೆದು, ಎಂಜಿನ್ ಹಾಕಿ, ಸುತ್ತು ಹೊಡೆದು ಮತ್ತೆ ಮೇಲ್ಗಡೆಗೆ, ಅಂದರೆ ದೋಣಿ ತೇಲಿ ಬಂದ ಕಡೆಗೆ, ಹೋಗಬೇಕು. ಇಬ್ಬರಲ್ಲಿ ಒಬ್ಬನ ಕೈ ಇಡೀ ದಿನ ಎಂಜಿನ್ ತಿರುಗಿಸುವ ಟಿಲ್ಲರ್ ಹಿಡಿಕೆಯ ಮೇಲೆಯೇ. ಗಾಳ ಹಾಕುವುದು ಒಬ್ಬನೇ ಆಯಿತಲ್ಲ!

ತೆಂಕುಗಾಳಿ:
ಲೆಕ್ಕ ಒಪ್ಪಿದೆ. ಆದರೆ ಮೊದಲ ಎರಡು ಸುತ್ತು ತೇಲಲೇಬೇಕು. ಕಲ್ಲಿನ ಯಾವ ಅಂಚಿನಲ್ಲಿ ಮೀನು ಇದೆ ಎಂದು ನೋಡದೆ ಲಂಗರು ಬಿಟ್ಟರೆ ಬರಿಗಲ್ಲಿನ ಮೇಲೆ ಜಪ ಮಾಡುತ್ತ ಕೂತ ಹಾಗೆ. ಸಾಮಾನ್ಯವಾಗಿ ನೀರು ಬಂದು ಬಡಿಯುವ ಬದಿಯಲ್ಲೇ ಮೀನು ಮುಖ ಮಾಡಿ ನಿಂತಿರುತ್ತದೆ, ಹಿಂದಿನ ಬದಿಯಲ್ಲಲ್ಲ.

ಲಂಗರುಗುಂಟ:
ಇಬ್ಬರೂ ಜಗಳ ಬಿಡಿ, ಕೇಳಿದವರಿಗೆ ಹೇಳುವ.

ಮೊದಲು ಕಲ್ಲಿನ ಜಿಪಿಎಸ್ ಗುರುತಿನ ಮೇಲೆ ಹೋಗಿ ಎಂಜಿನ್ ನ್ಯೂಟ್ರಲ್ ಮಾಡಿ ಮೂರು ನಿಮಿಷ ಸುಮ್ಮನೆ ಕೂರಿ. ಜಿಪಿಎಸ್‌ನಲ್ಲಿ ದೋಣಿ ಸರಿದ ಗೆರೆ ಕಾಣುತ್ತದೆ. ಗಾಳಿಯೂ ನೀರೂ ಸೇರಿ ದೋಣಿಯನ್ನು ಯಾವ ಕಡೆ ಒಯ್ಯುತ್ತವೆ ಎಂಬುದು ಆ ಗೆರೆ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ, ಗಾಳಿ ಒಂದು ಕಡೆ, ಒಳನೀರು ಇನ್ನೊಂದು ಕಡೆ ಇರುವುದೇ ಹೆಚ್ಚು.

ಹಗ್ಗ ಆಳದ ಮೂರು ಪಟ್ಟು. 30 ಮೀಟರ್‌ಗೆ 90. ಜೊತೆಗೆ 2 ಮೀಟರ್ ಸರಪಳಿ. ದೋಣಿಯಲ್ಲಿ 120 ಮೀಟರ್ ಹಗ್ಗ ಇರಲಿ, ಗಾಳಿ ಏರಿದರೆ ಇನ್ನೂ ಬಿಡಬೇಕಾಗುತ್ತದೆ. ಈಗ ಮುಖ್ಯ ವಿಷಯ: 90 ಮೀಟರ್ ಹಗ್ಗ ಬಿಗಿದು ನಿಂತಾಗ ದೋಣಿ ಲಂಗರಿನಿಂದ ಸುಮಾರು 85 ಮೀಟರ್ ಹಿಂದೆ ಇರುತ್ತದೆ. ಹಾಗಾಗಿ ಮೀನು ಕಂಡ ಜಾಗದಿಂದ ಆ ಗೆರೆಯ ಮೇಲ್ಗಡೆಗೆ 85 ಮೀಟರ್ ಹೋಗಿ ಲಂಗರು ಬಿಡಬೇಕು. ಹೊಸಬರು ಗುರುತಿನ ಮೇಲೆಯೇ ಬಿಟ್ಟು, ಮೀನಿಲ್ಲದ ಮರಳಿನ ಮೇಲೆ ಬಂದು ನಿಲ್ಲುವುದು ಇದೇ ಕಾರಣಕ್ಕೆ. ಇನ್ನೊಂದು ಲಾಭ, ಲಂಗರು ಕಲ್ಲಿನಾಚೆಯ ಮರಳಿನಲ್ಲಿ ಬಿದ್ದರೆ ಕಲ್ಲಿಗೆ ಕಚ್ಚುವುದೂ ಕಡಿಮೆ.

ಮುಂದೆ ಇರುವವನು ಹಗ್ಗ ಕೈಯಿಂದ ಕೈಗೆ ಬಿಡಬೇಕು, ಎಸೆಯಬಾರದು. ಹಗ್ಗದ ಸುರುಳಿಯೊಳಗೆ ಕಾಲಿಡಬಾರದು. ಹಿಂದಿನವನ ಮಣಿಕಟ್ಟಿಗೆ ಕಿಲ್ ಕಾರ್ಡ್ (ಅವನು ಬಿದ್ದರೆ ಎಂಜಿನ್ ನಿಲ್ಲಿಸುವ ದಾರ). ಕಟ್ಟುವುದು ಯಾವಾಗಲೂ ಮುಂಭಾಗಕ್ಕೆ. ಹಿಂಭಾಗಕ್ಕೆ ಕಟ್ಟಿದರೆ ಎಂಜಿನ್ ಭಾರಕ್ಕೆ ಮೊದಲೇ ತಗ್ಗಿರುವ ಕಡೆಯಿಂದ ಅಲೆ ನೇರ ಒಳಗೆ ಬರುತ್ತದೆ.

ಬೆಂಗ್ಳೂರ್_ಬೂತಾಯಿ:
ಸರ್, 85 ಹೇಗೆ ಬಂತು? 90 ಅಲ್ವಾ?

ಲಂಗರುಗುಂಟ:
ಹಗ್ಗ ಓರೆಯಾಗಿ ಇಳಿಯುತ್ತದೆ. 90ರ ವರ್ಗ 8100, 30ರ ವರ್ಗ 900, ಕಳೆದರೆ 7200, ಅದರ ವರ್ಗಮೂಲ 85 ಹತ್ತಿರ. ಹೈಸ್ಕೂಲಿನ ಪೈಥಾಗೊರಸ್ ಕಡಲಿನಲ್ಲಿ ಮಾತ್ರ ಉಪಯೋಗಕ್ಕೆ ಬರುವುದು.

ಗಾಳದಕೊಕ್ಕೆ:
ಲಂಗರು ಯಾವುದು ಎಂದು ಯಾರೂ ಹೇಳಲಿಲ್ಲ. ಕಲ್ಲಿಗೆ ಅಂಗಡಿಯ ಭಾರೀ ಲಂಗರು ಬೇಡ. ವೆಲ್ಡಿಂಗ್ ಶಾಪಿನಲ್ಲಿ 10 ಅಥವಾ 12 ಎಂಎಂ ಸಾದಾ ಕಬ್ಬಿಣದ ಸರಳಿನಿಂದ ನಾಲ್ಕು ಕೊಕ್ಕೆಯದ್ದು ಮಾಡಿಸಿ. ಕಲ್ಲಿನ ಸಂದಿಗೆ ಸಿಕ್ಕಿದರೆ ಜೋರಾಗಿ ಎಳೆದಾಗ ಕೊಕ್ಕೆ ನೇರವಾಗಿ ಬಿಟ್ಟುಕೊಡುತ್ತದೆ. ಮೇಲೆ ತಂದು ಮತ್ತೆ ಬಗ್ಗಿಸಿಕೊಂಡರಾಯಿತು. ಟೋರ್ ಸ್ಟೀಲ್ (ಕಟ್ಟಡಕ್ಕೆ ಹಾಕುವ ಗಟ್ಟಿ ಸರಳು) ಹಾಕಿಸಬೇಡಿ, ಅದು ಬಗ್ಗುವುದಿಲ್ಲ, ಲಂಗರೂ ಹೋಗುತ್ತದೆ, ಹಗ್ಗವೂ ಹೋಗುತ್ತದೆ.
ಇನ್ನೊಂದು ಉಪಾಯ: ಸರಪಳಿಯನ್ನು ಲಂಗರಿನ ಮೇಲಿನ ಬಳೆಗೆ ಕಟ್ಟಬೇಡಿ. ಬುಡದಲ್ಲಿ, ಕೊಕ್ಕೆಗಳು ಕೂಡುವ ಕಡೆ ಶಾಕಲ್ (ಕಬ್ಬಿಣದ ಕೊಂಡಿ) ಹಾಕಿ. ಆಮೇಲೆ ಸರಪಳಿಯನ್ನು ಮೇಲಿನ ಬಳೆಗೆ ಎರಡು ಕೇಬಲ್ ಟೈನಿಂದ ಬಿಗಿಯಿರಿ. ಸಿಕ್ಕಿಕೊಂಡು ಎಳೆದಾಗ ಟೈ ತುಂಡಾಗುತ್ತದೆ, ಎಳೆತ ಬುಡಕ್ಕೆ ಹೋಗಿ ಲಂಗರು ಹಿಮ್ಮುಖವಾಗಿ ಜಾರಿ ಬರುತ್ತದೆ.

ಕಡಲತಡಿ:
ಕೇಬಲ್ ಟೈ ರಾತ್ರಿ ಗಾಳಿಗೆ ತುಂಡಾದರೆ? ಮಲಗಿದವರು ಬೆಳಿಗ್ಗೆ ಭಟ್ಕಳದಲ್ಲಿ.

ಗಾಳದಕೊಕ್ಕೆ:
ಹಗಲು ಗಾಳಕ್ಕೆ ಹೇಳಿದ್ದು ಮಾರಾಯ್ರೆ. ಇಬ್ಬರೇ 22 ಅಡಿಯಲ್ಲಿ ರಾತ್ರಿ ಮಲಗುವ ಮಾತು ಎಲ್ಲಿಂದ ಬಂತು?

ಪಂಚಗಂಗಾವಳಿ:
ಹಗಲು ಮಾತ್ರ. 90 ಮೀಟರ್ ಹಗ್ಗ ಕೈಯಲ್ಲಿ ಎಳೆದರೆ ಬೆನ್ನು ಹೋಗುವುದಿಲ್ಲವಾ?

ಲಂಗರುಗುಂಟ:
ಎಳೆಯಬೇಡಿ, ತೇಲುವ ಬೋಯೆಯಿಂದ ಎತ್ತಿ. ಒಂದು ಅಂಗೈ ಅಗಲಕ್ಕಿಂತ ದೊಡ್ಡ ಸ್ಟೀಲ್ ಬಳೆ, ಅದಕ್ಕೆ ಬಿಗಿ ಮುಚ್ಚಳದ 20 ಲೀಟರ್ ಖಾಲಿ ಕ್ಯಾನ್. ಬಳೆಯೊಳಗೆ ಲಂಗರಿನ ಹಗ್ಗ. ದೋಣಿಯನ್ನು ನಿಧಾನಕ್ಕೆ ಮುಂದಕ್ಕೆ, ಹಗ್ಗಕ್ಕೆ 30-45 ಡಿಗ್ರಿ ಓರೆಯಾಗಿ ಓಡಿಸಿ. ಹಗ್ಗ ಬದಿಯಲ್ಲಿ ದೂರ ಕಾಣುತ್ತಲೇ ಇರಬೇಕು. ಕ್ಯಾನು ಹಗ್ಗದ ಮೇಲೆ ಜಾರಿ ಲಂಗರಿನ ತನಕ ಹೋಗಿ ಅದನ್ನು ಮೇಲೆತ್ತುತ್ತದೆ. ಕ್ಯಾನು ನೀರಿನ ಮೇಲೆ ನೆಟ್ಟಗೆ ನಿಂತಿತು ಎಂದರೆ ಲಂಗರು ಬಂದಿದೆ. ಆಮೇಲೆ ತೇಲುತ್ತಿರುವ ಸಡಿಲ ಹಗ್ಗ ಒಳಗೆ ಎಳೆದುಕೊಳ್ಳುವುದಷ್ಟೇ.
ತಪ್ಪುವುದು ಎರಡು ಕಡೆ. ನೇರ ಹಗ್ಗದ ಮೇಲೆಯೇ ಓಡಿಸಿದರೆ ಪ್ರೊಪೆಲ್ಲರ್‌ಗೆ ಸುತ್ತುತ್ತದೆ. ಲಂಗರು ಬರದೆ ಗಟ್ಟಿ ಹಿಡಿದಾಗ ದೋಣಿಯ ಬದಿಗೆ ಹಗ್ಗ ಬರುವ ಹಾಗೆ ತಿರುಗಿಸಿ ಎಳೆದರೆ ದೋಣಿ ಮಗುಚುತ್ತದೆ. ಕಚ್ಚಿದರೆ ಹಗ್ಗವನ್ನು ದೋಣಿಯ ಮೂತಿಗೆ ಗಿಡ್ಡವಾಗಿ ಕಟ್ಟಿ ಅಲೆ ಏರುವುದಕ್ಕೆ ಕಾಯಿರಿ, ನಾಲ್ಕಾರು ಅಲೆಗೆ ಬಿಡುತ್ತದೆ. ಮೂತಿ ತೀರ ಕೆಳಗೆ ಎಳೆದುಕೊಂಡು ನೀರು ಹತ್ತುವ ಹಾಗಿದ್ದರೆ ತಕ್ಷಣ ಸಡಿಲಿಸಿ. ಅಷ್ಟಕ್ಕೂ ಬಿಡದಿದ್ದರೆ ಕತ್ತಿ. ಕತ್ತಿ ಮುಂದಿನವನ ಕೈಗೆಟುಕುವಲ್ಲಿ ಇರಬೇಕು, ಬೈಟ್ ಬಾಕ್ಸಿನ ಅಡಿಯಲ್ಲಲ್ಲ.

ಬಡಗುದಿಕ್ಕು:
ಗುರುತು ಎಲ್ಲಿಂದ ತಂದಿರಿ ಎಂದು ಕೇಳಬಹುದಾ? ಯಾರೋ ವಾಟ್ಸಾಪಿನಲ್ಲಿ ಕೊಟ್ಟದ್ದಾದರೆ ಒಮ್ಮೆ ಅಂಕೆ ಸರಿಯಾಗಿ ನೋಡಿ. ಡಿಗ್ರಿ-ನಿಮಿಷ ಮತ್ತು ದಶಮಾಂಶ ಡಿಗ್ರಿ ಎರಡೂ ಬೇರೆ. 13 ಡಿಗ್ರಿ 38.5 ನಿಮಿಷವನ್ನು 13.385 ಎಂದು ಒತ್ತಿದರೆ ನೀವು ಹೋಗುವುದು 28 ಕಿ.ಮೀ. ತೆಂಕಕ್ಕೆ. ಸರಿಯಾದದ್ದು 13.6417. ನಿಮಿಷವನ್ನು 60ರಿಂದ ಭಾಗಿಸಬೇಕು.

ಬೆಂಗ್ಳೂರ್_ಬೂತಾಯಿ:
ಆ ಕಲ್ಲಿನ ಗುರುತು ಇಲ್ಲೇ ಹಾಕ್ಬಹುದಲ್ಲ ಯಾರಾದ್ರೂ 😀

ಮುರುಬಾಯಿ:
ಹಾಕುತ್ತಾರೆ, ನೀವು ಕಾಯುತ್ತಿರಿ.

ಬಡಗುದಿಕ್ಕು:
ಗುರುತು ಕೇಳುವುದಕ್ಕಿಂತ ನೌಕಾಪಡೆಯ ಹೈಡ್ರೋಗ್ರಾಫಿಕ್ ಕಚೇರಿಯ ನಕ್ಷೆ ನೋಡಿ, ದೊಡ್ಡ ಕಲ್ಲುಗಳೆಲ್ಲ ಅದರಲ್ಲಿವೆ. ಹಳೆ ಮೊಗವೀರರು, ಖಾರ್ವಿಯವರು ಯಾವ ಜಿಪಿಎಸ್ಸೂ ಇಲ್ಲದೆ ಹಿಡಿಯುತ್ತಿದ್ದದ್ದು ದಡದ ಎರಡು ಜೋಡಿ ಗುರುತಿನಿಂದ. ಹತ್ತಿರದ ತೆಂಗಿನ ತೋಪು ಮತ್ತು ಹಿಂದಿನ ಘಟ್ಟದ ತುದಿ ಒಂದೇ ಗೆರೆಗೆ ಬರಬೇಕು. ಇನ್ನೊಂದು ಕಡೆ ದೀಪಸ್ತಂಭ ಮತ್ತು ಗುಡ್ಡ ಒಂದೇ ಗೆರೆಗೆ ಬರಬೇಕು. ಎರಡು ಗೆರೆ ಕೂಡುವಲ್ಲಿ ಕಲ್ಲು. ಜೋಡಿಗಳ ನಡುವಿನ ಕೋನ 90 ಡಿಗ್ರಿಗೆ ಹತ್ತಿರವಿದ್ದಷ್ಟೂ ನಿಖರ. ತೊಂದರೆ ಏನೆಂದರೆ ಚಳಿಗಾಲದ ಮಸುಕಿನಲ್ಲಿ ಕೊಡಚಾದ್ರಿಯಂಥ ಕೊಡಚಾದ್ರಿಯೇ ಮಾಯ.

ತೆಂಕುಗಾಳಿ:
ಫಿಶ್ ಫೈಂಡರ್ ಇದ್ದವರಿಗೆ: 200 ಕಿಲೋಹರ್ಟ್ಸ್‌ನಲ್ಲಿ 20 ಡಿಗ್ರಿ ಕೋನ ಎಂದರೆ 30 ಮೀಟರ್ ಕೆಳಗೆ ಸುಮಾರು 10 ಮೀಟರ್ ಅಗಲದ ವೃತ್ತ ಮಾತ್ರ ಕಾಣುತ್ತದೆ. ದೋಣಿ ಅಷ್ಟು ಸರಿದರೆ ಕಲ್ಲು ತಪ್ಪಿತು. ತಳದ ಗೆರೆಯ ಕೆಳಗೆ, ಇಮ್ಮಡಿ ಆಳದಲ್ಲಿ ಇನ್ನೊಂದು ಗೆರೆ ಗಾಢವಾಗಿ ಬಂದರೆ ಗಟ್ಟಿ ತಳ. ಕೆಸರಿನಲ್ಲಿ ಆ ಎರಡನೇ ಗೆರೆ ಮಸುಕು ಅಥವಾ ಇಲ್ಲವೇ ಇಲ್ಲ.

ಕೆಂಬೇರಿಪ್ರಿಯ:
ಗಾಳದ ಕಟ್ಟು ನಾನು ಹೇಳುತ್ತೇನೆ. 80 ಪೌಂಡ್ ಮೋನೋ (ಒಂಟಿ ಎಳೆಯ ನೈಲಾನ್ ದಾರ) ಒಂದೂವರೆ ಮೀಟರ್. ಮೇಲ್ತುದಿಗೆ ಸ್ವಿವೆಲ್ (ತಿರುಗುವ ಕೊಂಡಿ). ಕೆಳತುದಿಗೆ ಸೀಸ. ಸೀಸದಿಂದ 40 ಸೆಂ.ಮೀ. ಮೇಲೆ ಒಂದು ಕವಲು, ಅಲ್ಲಿಂದ 50 ಸೆಂ.ಮೀ. ಮೇಲೆ ಇನ್ನೊಂದು. ಕವಲು 60 ಪೌಂಡ್ ದಾರ, 20-25 ಸೆಂ.ಮೀ.ಗಿಂತ ಉದ್ದ ಬೇಡ, ಉದ್ದವಾದರೆ ಮುಖ್ಯ ದಾರಕ್ಕೆ ಸುತ್ತಿಕೊಳ್ಳುತ್ತದೆ. ಸೀಸವನ್ನು ಮಾತ್ರ 25-30 ಪೌಂಡಿನ ತೆಳು ದಾರದಿಂದ ಕಟ್ಟಿ. ಕಲ್ಲಿನ ಸಂದಿಗೆ ಹೋಗುವುದು ಹೆಚ್ಚಾಗಿ ಸೀಸವೇ, ಅದೊಂದೇ ತುಂಡಾಗಲಿ, ಗಾಳ ಮತ್ತು ಮೀನು ಉಳಿಯಲಿ.
ಸೀಸ 150 ಗ್ರಾಂನಿಂದ ಶುರು ಮಾಡಿ. ಅಮಾವಾಸ್ಯೆ ಹುಣ್ಣಿಮೆ ಹತ್ತಿರ ನೀರಿನ ಓಟ ಜೋರು, 250-300 ಬೇಕಾಗುತ್ತದೆ. ತಳ ತಟ್ಟಿದ್ದು ಕೈಗೆ ಗೊತ್ತಾಗುವಷ್ಟು ಭಾರ ಸಾಕು. ಇಬ್ಬರೂ ಒಂದೇ ತೂಕ ಹಾಕಿ, ಬೇರೆ ಬೇರೆ ಹಾಕಿದರೆ ಹಗುರದ್ದು ಓಟಕ್ಕೆ ಹಿಂದೆ ಹೋಗಿ ಪಕ್ಕದವನ ದಾರಕ್ಕೆ ಜಡೆ ಹೆಣೆಯುತ್ತದೆ.

ಮುರುಬಾಯಿ:
ಗಾಳ ಸರ್ಕಲ್ ಹುಕ್ (ತುದಿ ಒಳಕ್ಕೆ ಬಾಗಿದ್ದು), 6/0ರಿಂದ 8/0 ಸೈಜು. ಮೀನು ಕಚ್ಚಿದಾಗ ಜಾಡಿಸಿ ಎಳೆಯಬಾರದು, ಜಾಡಿಸಿದರೆ ಬಾಯಿಯಿಂದ ಜಾರಿ ಬರುತ್ತದೆ. ಭಾರ ಬಂದ ಕೂಡಲೇ ಒಂದೇ ಸಮ ಸುತ್ತುತ್ತ ಹೋಗಿ, ಅದೇ ಬಾಯಿಯ ಮೂಲೆಗೆ ಕೂರುತ್ತದೆ. ಬೈಟ್‌ನಿಂದ ಗಾಳದ ಬಾಯಿ ಮುಚ್ಚಬೇಡಿ.

ಕಡಲತಡಿ:
ಜೆ ಆಕಾರದ ಸಾದಾ ಗಾಳಕ್ಕೆ ಏನಾಗಿದೆ? ಕೈದಾರದವರೆಲ್ಲ ಅದರಲ್ಲೇ ಮುರು ಹಿಡಿದದ್ದು.

ಮುರುಬಾಯಿ:
ಏನೂ ಆಗಿಲ್ಲ, ಕೈದಾರದಲ್ಲಿ ಬೆರಳಿಗೇ ಗೊತ್ತಾಗುತ್ತದೆ. ರಾಡ್ ಹಿಡಿದವನು ತಡಮಾಡಿದರೆ ಜೆ ಗಾಳ ಹೊಟ್ಟೆಗೆ ಹೋಗುತ್ತದೆ, ಸಣ್ಣ ಮೀನು ಬಿಡುವ ಮನಸ್ಸಿದ್ದರೂ ಬದುಕುವುದಿಲ್ಲ.

ಗಾಳದಕೊಕ್ಕೆ:
ರಾಡ್ vs ಕೈದಾರ ಜಗಳಕ್ಕೆ ಮೊದಲೇ ಹೇಳಿಬಿಡುತ್ತೇನೆ. ಬ್ರೇಡ್ (ಹೆಣೆದ ದಾರ) ಹಿಗ್ಗುವುದಿಲ್ಲ, 30 ಮೀಟರ್ ಕೆಳಗಿನ ಸಣ್ಣ ಕುಟುಕೂ ತಿಳಿಯುತ್ತದೆ. ಆದರೆ ಕಲ್ಲಿಗೆ ಒರೆಸಿದರೆ ದಾರ ಸೊಪ್ಪಿನ ಹಾಗೆ ಕತ್ತರಿಸುತ್ತದೆ, ಕೊನೆಗೆ 3-4 ಮೀಟರ್ ಮೋನೋ ಇರಲೇಬೇಕು. ಕೈದಾರಕ್ಕೆ 1 ಎಂಎಂ ಮೋನೋ, ಬೆರಳಿಗೆ ಹಳೆ ಸೈಕಲ್ ಟ್ಯೂಬಿನ ತುಂಡು. ಕೈಗೆ ಸುತ್ತಿಕೊಳ್ಳುವುದು ಮಾತ್ರ ಬೇಡ. 10 ಕಿಲೋ ಮುರು ಗುಹೆಗೆ ತಿರುಗಿದಾಗ ಬೆರಳು ದಾರದ ಜೊತೆ ಹೋಗುತ್ತದೆ.

ಪಂಚಗಂಗಾವಳಿ:
ಮುರು ಸಂದಿಗೆ ಹೊಕ್ಕರೆ ಏನು ಮಾಡುವುದು?

ಕೆಂಬೇರಿಪ್ರಿಯ:
ಹೊಗಲು ಬಿಡಬಾರದು, ಮೊದಲ ಮೂರು ಮೀಟರ್‌ನಲ್ಲೇ ಆಟ ತೀರ್ಮಾನ. ತಳ ತಟ್ಟಿದ ಮೇಲೆ ಸೀಸವನ್ನು ಒಂದು ಮೀಟರ್ ಎತ್ತಿಡಿ, ರೀಲಿನ ಡ್ರ್ಯಾಗ್ (ಬ್ರೇಕ್) ಬಿಗಿಯಾಗಿರಲಿ. ಹೊಕ್ಕೇ ಬಿಟ್ಟಿತೋ, ಜಗ್ಗಬೇಡಿ. ಸಂದಿಯಲ್ಲಿ ಕಿವಿರು ಮುಚ್ಚಳ ಅರಳಿಸಿ ಕೂತಿರುತ್ತದೆ, ಜಗ್ಗಿದಷ್ಟೂ ಬಿಗಿ. ದಾರ ಪೂರ್ತಿ ಸಡಿಲ ಬಿಟ್ಟು ಐದು-ಹತ್ತು ನಿಮಿಷ ಕಾಯಿರಿ. ಅಪಾಯ ಹೋಯಿತೆಂದು ತಾನೇ ಹೊರಗೆ ಬರುತ್ತದೆ, ದಾರ ಅಲ್ಲಾಡಿದ್ದು ಕಂಡ ಕೂಡಲೇ ಎತ್ತಿ.
ಬೈಟ್: ಬೊಂಡಾಸ್ (ಸ್ಕ್ವಿಡ್) ಪಟ್ಟಿ ಗಾಳದಲ್ಲಿ ಗಟ್ಟಿ ನಿಲ್ಲುತ್ತದೆ, ಸಣ್ಣ ಮೀನು ಕೆದಕಿದರೂ ಉಳಿಯುತ್ತದೆ. ಬಂಗುಡೆ ಓರೆ ತುಂಡು ವಾಸನೆಗೆ. ಬೂತಾಯಿ ಮೆತ್ತಗೆ, ಹಿಂದಿನ ರಾತ್ರಿಯೇ ಒಂದು ಕಿಲೋಗೆ ಕಾಲು ಕಿಲೋ ಕಲ್ಲುಪ್ಪು ಹಾಕಿ ನೀರು ಬಸಿದು ಇಟ್ಟರೆ ಗಟ್ಟಿಯಾಗುತ್ತದೆ. ನೀರಿನ ಮೇಲ್ಮಟ್ಟದಲ್ಲಿ ಸೀಸವಿಲ್ಲದ ಒಂದು ಗಾಳಕ್ಕೆ ಜೀವಂತ ಬಂಗುಡೆ ಸಿಕ್ಕಿಸಿ ಬಿಟ್ಟಿಡಿ, ಅಂಜಲ್‌ಗೆ. ಅದಕ್ಕೆ ಮಾತ್ರ ತಂತಿ ಬೇಕು, ಅದರ ಹಲ್ಲಿಗೆ ನೈಲಾನ್ ನಿಲ್ಲುವುದಿಲ್ಲ.

ಅಳಿವೆಬಾಗಿಲು:
ಮೀನಿನ ಕಥೆ ಆಯಿತು, ಹೋಗಿ ಬರುವುದು ಹೇಗೆ? 18 ಕಿ.ಮೀ. ಅಂದರೆ ಹತ್ತು ನಾಟಿಕಲ್ ಮೈಲಿಗೆ ಸ್ವಲ್ಪ ಕಡಿಮೆ. ಇಬ್ಬರು, ಐಸು, ಹಗ್ಗ ಸೇರಿ 9.9ರಲ್ಲಿ ಏಳು ನಾಟ್ ಬಂದರೆ ಪುಣ್ಯ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ. ಫುಲ್ ಥ್ರಾಟಲ್‌ನಲ್ಲಿ ಗಂಟೆಗೆ 4ರಿಂದ 5 ಲೀಟರ್. ಅಲ್ಲಿಗೇ 14 ಆಯಿತು, ಕಲ್ಲಿನ ಮೇಲೆ ಸುತ್ತಾಡಿದ್ದು ಲೆಕ್ಕಕ್ಕಿಲ್ಲ. ಮೂರನೇ ಒಂದು ಭಾಗ ಮುಟ್ಟಲೇಬಾರದು. 25 ಲೀಟರ್ ಒಯ್ಯಿರಿ.

ಅಳಿವೆ ವಿಷಯದಲ್ಲಿ ಸದರ ಬೇಡ. ಇಳಿತದಲ್ಲಿ ಐದು ಹೊಳೆಯ ನೀರು ಒಂದೇ ಬಾಗಿಲಲ್ಲಿ ಹೊರಗೆ ನುಗ್ಗುತ್ತದೆ, ಎದುರಿಂದ ಕಡಲಿನ ಅಲೆ. ಎರಡೂ ಕೂಡಿದಲ್ಲಿ ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಹೊರಗಿನಿಂದ ನೋಡಿದರೆ ಅಲೆಯ ಬೆನ್ನು ಮಾತ್ರ ಕಾಣುವುದು, ಸಣ್ಣದೆನಿಸುತ್ತದೆ. ಭರತ ಇರುವಾಗ ಒಳಗೆ ಬನ್ನಿ. ಬರುವಾಗ ಒಂದು ಅಲೆಯ ಬೆನ್ನಿನ ಮೇಲೆ ಅದರ ವೇಗದಲ್ಲೇ ಬನ್ನಿ, ಅದನ್ನು ದಾಟಿ ಮುಂದೆ ಹಾರಬಾರದು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹೋದ ವಾರದ ಹೊತ್ತು ಈ ವಾರಕ್ಕೆ ಆಗುವುದಿಲ್ಲ.

ಗಾಳಿ: ನವೆಂಬರ್‌ನಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತಣ್ಣಗೆ, ಹನ್ನೊಂದು-ಹನ್ನೆರಡರ ಮೇಲೆ ವಾಯವ್ಯದಿಂದ ಕಡಲಗಾಳಿ. ಬೆಳಕು ಹರಿಯುವ ಮೊದಲು ಹೊರಟು, ಹನ್ನೊಂದಕ್ಕೆ ಲಂಗರು ಎತ್ತಬೇಕು. ಇನ್‌ಕಾಯಿಸ್‌ನ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ) ಅಲೆ ಮುನ್ಸೂಚನೆ ಹಿಂದಿನ ಸಂಜೆ ನೋಡಿ.

ತೆಂಕುಗಾಳಿ:
ಒಂದು ತಿದ್ದುಪಡಿ: ಹೊರಗೆ ನೀರಿನ ಓಟ ಬರೀ ಭರತ-ಇಳಿತದ್ದಲ್ಲ. ಮಳೆಗಾಲದಲ್ಲಿ ಕರಾವಳಿಯ ಒಳಹರಿವು ತೆಂಕಕ್ಕೆ, ನವೆಂಬರ್‌ನಿಂದ ಚಳಿಗಾಲದಲ್ಲಿ ಬಡಗಕ್ಕೆ. ಸೆಪ್ಟೆಂಬರ್‌ನ ಗೆರೆ ನೆನಪಿಟ್ಟುಕೊಂಡು ಲಂಗರು ಹಾಕಿದರೆ ಕಲ್ಲಿನ ಉಲ್ಟಾ ಬದಿಯಲ್ಲಿ ಇರುತ್ತೀರಿ. ನವೆಂಬರ್ ಆಯ್ದುಕೊಂಡದ್ದು ಒಳ್ಳೆಯದೇ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತಳದಲ್ಲಿ ತಣ್ಣಗಿನ, ಆಮ್ಲಜನಕ ಕಡಿಮೆಯಾದ ನೀರು ಬಂದು ನಿಂತಿರುತ್ತದೆ, ಮೀನು ಮೇಲೆ ಅಥವಾ ಬೇರೆಡೆ ಸರಿದಿರುತ್ತದೆ. ಆಗ ತಳಕ್ಕೆ ಗಾಳ ಹಾಕಿ ಬೈದುಕೊಳ್ಳುವವರೇ ಹೆಚ್ಚು.

ಬೆಂಗ್ಳೂರ್_ಬೂತಾಯಿ:
ಜೂನ್‌ನಲ್ಲಿ ಹೋದ್ರೆ ಹಿಡೀತಾರಾ? ಬ್ಯಾನ್ ಇರುತ್ತಲ್ಲ.

ಅಳಿವೆಬಾಗಿಲು:
ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. 10 ಎಚ್‌ಪಿವರೆಗಿನ ನಾಡದೋಣಿಗೆ ವಿನಾಯಿತಿ, ಎಲ್ಲರ ಹತ್ತಿರ 9.9 ಎಂಜಿನ್ ಇರುವುದು ಸುಮ್ಮನೆ ಅಲ್ಲ. ಆದರೆ ಕಾನೂನು ಬಿಟ್ಟರೂ ಜೂನ್ ಅಳಿವೆ ಬಿಡುವುದಿಲ್ಲ.

ಕಡಲತಡಿ:
ನಿಷೇಧದ ಮಾತು ಬಂತಲ್ಲ, ಎಲ್‌ಇಡಿ ಲೈಟ್ ಹಾಕಿ ಹಿಡಿಯುವುದಕ್ಕೂ ನಿಷೇಧ ಉಂಟು. ರಾತ್ರಿ ಹೊರಗೆ ನೋಡಿದರೆ ಕಡಲಿನಲ್ಲಿ ಜಾತ್ರೆ. ಗಾಳದವನು ಒಂದು ಮುರು ಹಿಡಿದರೆ ಅದಕ್ಕೆ ಸಂರಕ್ಷಣೆ ಪಾಠ.

ಮುರುಬಾಯಿ:
ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ಇಲ್ಲಿ ಶುರುವಾದರೆ ಲಂಗರು ಎತ್ತುವುದಿಲ್ಲ. ಆದರೆ ಪಾಠ ಸ್ವಲ್ಪ ಬೇಕೇ ಬೇಕು. ಮುರು ಹುಟ್ಟುವಾಗ ಹೆಣ್ಣು, ದೊಡ್ಡದಾದ ಮೇಲೆ ಕೆಲವು ಗಂಡಾಗುತ್ತವೆ. ಒಂದು ಸಣ್ಣ ಕಲ್ಲಿನ ದೊಡ್ಡವನ್ನೆಲ್ಲ ಎತ್ತಿದರೆ ಆ ಕಲ್ಲಿಗೆ ಗಂಡೇ ಇಲ್ಲ. ದೈತ್ಯ ಮುರು 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಿತ ಪಟ್ಟಿಯಲ್ಲಿದೆ, ಹವಳವೂ ಹಾಗೆಯೇ. ನೇತ್ರಾಣಿ ದ್ವೀಪದ ಸುತ್ತ ಹವಳದ ಮೇಲೆ ಲಂಗರು ಬಿಡುವವರಿಗೆ ಇದು.

ಗಾಳದಕೊಕ್ಕೆ:
ಹಿಡಿದ ಮೀನು ಬಿಡುವುದಾದರೆ ಸುಮ್ಮನೆ ಎಸೆದರೆ ಸಾಯುತ್ತದೆ. 30 ಮೀಟರ್ ಕೆಳಗೆ ಒತ್ತಡ ಮೇಲಿನ ನಾಲ್ಕರಷ್ಟು, ಮೇಲೆ ಬಂದಾಗ ಗಾಳಿಚೀಲ ನಾಲ್ಕು ಪಟ್ಟು ಹಿಗ್ಗಿ ಜಠರ ಬಾಯಿಂದ ಹೊರಗೆ ಬರುತ್ತದೆ. ಅದನ್ನು ಚುಚ್ಚಬೇಡಿ, ಅದು ಗಾಳಿಚೀಲವಲ್ಲ. ಹಿಮ್ಮುಳ್ಳು ತೆಗೆದು ನಯ ಮಾಡಿದ ದೊಡ್ಡ ಗಾಳಕ್ಕೆ ಅರ್ಧ ಕಿಲೋ ಸೀಸ ತಲೆಕೆಳಗಾಗಿ ಕಟ್ಟಿ, ಕೆಳತುಟಿಗೆ ಸಿಕ್ಕಿಸಿ ತಳಕ್ಕೆ ಇಳಿಸಿ, ಅಲ್ಲಿ ಒಮ್ಮೆ ಜಗ್ಗಿದರೆ ಕಳಚುತ್ತದೆ.

ಪಂಚಗಂಗಾವಳಿ:
ಇದು ಗೊತ್ತಿರಲಿಲ್ಲ. ಐಸ್ ಎಷ್ಟು?

ಕೆಂಬೇರಿಪ್ರಿಯ:
ಮೀನಿನಷ್ಟೇ ತೂಕ. 15 ಕಿಲೋ ಪುಡಿ ಐಸ್ ಒಯ್ಯಿರಿ, ಎರಡು ಪಾಲು ಐಸಿಗೆ ಒಂದು ಪಾಲು ಕಡಲ ನೀರು. ಹಿಡಿದ ಕೂಡಲೇ ಕಿವಿರಿನ ಹಿಂದೆ ಕೊಯ್ದು ರಕ್ತ ಬಸಿದು ಅದರೊಳಗೆ. ಬಂಗುಡೆ, ಅಂಜಲ್ ಬಿಸಿಲಿನಲ್ಲಿ ಬಿಟ್ಟರೆ ಹಿಸ್ಟಮಿನ್ ಹುಟ್ಟುತ್ತದೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ಮುಖ ಕೆಂಪಾಗಿ ತುರಿಕೆ, ಎಲ್ಲರೂ "ಮೀನಿನ ಅಲರ್ಜಿ" ಎನ್ನುತ್ತಾರೆ.

ಕಡಲತಡಿ:
2016ರಲ್ಲಿ ಮಂಗಳೂರಿನಲ್ಲಿ ಕೆಂಪು ಮೀನಿನ ತಲೆ ತಿಂದು ಜನ ಆಸ್ಪತ್ರೆ ಸೇರಿದ್ದು ಇದೇ ಅಲ್ದಾ?

ಕೆಂಬೇರಿಪ್ರಿಯ:
ಅಲ್ಲ, ಅದು ಸಿಗ್ವಾಟೆರಾ. ಹವಳದ ಬಂಡೆಯ ಪಾಚಿಯ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತ ಹೋಗುವುದು. ತಾಜಾ ಮೀನಿನಲ್ಲೂ ಇರಬಹುದು, ಐಸು ಅದಕ್ಕೆ ಮದ್ದಲ್ಲ. ತಲೆ, ಯಕೃತ್ತಿನಲ್ಲಿ ಹೆಚ್ಚು. ಹೊಟ್ಟೆ ಉಬ್ಬಿಸುವ ಪಫರ್ ಮೀನು ಗಾಳಕ್ಕೆ ಬಂದರೆ ಅದನ್ನೂ ಮನೆಗೆ ಒಯ್ಯಬೇಡಿ.

ಬಡಗುದಿಕ್ಕು:
ತೇಡೆ (ಮೀಸೆಯ ಕಡಲ ಮೀನು) ಮುಳ್ಳು ಚುಚ್ಚಿದರೆ ಸಹಿಸುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಆಸುಪಾಸು, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ. ಚಹಾದ ಫ್ಲಾಸ್ಕ್ ಒಂದು ಹೆಚ್ಚು ಇರಲಿ, ಆದರೆ ನೇರ ಸುರಿಯಬೇಡಿ, ಸುಡುತ್ತದೆ.

ಅಳಿವೆಬಾಗಿಲು:
ಲೈಫ್ ಜಾಕೆಟ್ ಹಾಕಿಕೊಂಡೇ ಇರಬೇಕು, ಸೀಟಿನಡಿ ಇದ್ದು ಪ್ರಯೋಜನವಿಲ್ಲ. ವಿಎಚ್‌ಎಫ್ ರೇಡಿಯೋ ಇದ್ದರೆ ತುರ್ತಿಗೆ ಚಾನೆಲ್ 16. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. 18 ಕಿ.ಮೀ.ಯಲ್ಲಿ ಮೊಬೈಲ್ ನಂಬಬೇಡಿ. ಹೊರಡುವಾಗ ದಡದಲ್ಲಿ ಒಬ್ಬರಿಗೆ ಕಲ್ಲಿನ ಅಂಕೆ ಮತ್ತು ವಾಪಸಿನ ಹೊತ್ತು ಬರೆದು ಕೊಡಿ. ಗುರುತು ಗುಟ್ಟಾದರೆ ಮುಚ್ಚಿದ ಕವರಿನಲ್ಲಿ ಕೊಡಿ.
ಎಂಜಿನ್‌ಗೆ ಸ್ಪೇರ್ ಪ್ಲಗ್, ಪ್ಲಗ್ ಸ್ಪ್ಯಾನರ್, ಪ್ರೊಪೆಲ್ಲರ್‌ನ ಶಿಯರ್ ಪಿನ್, ಒಂದು ತುಂಡು ಸ್ಟಾರ್ಟರ್ ಹಗ್ಗ. ತಣಿಸುವ ನೀರು ಚಿಮ್ಮುವುದು ನಿಂತರೆ ತಕ್ಷಣ ಆಫ್ ಮಾಡಿ, ನೂರಕ್ಕೆ ತೊಂಬತ್ತು ಸಲ ಪ್ಲಾಸ್ಟಿಕ್ ಚೀಲ ಅಂಟಿರುತ್ತದೆ.

ತೆಂಕುಗಾಳಿ:
ನೂರಕ್ಕೆ ತೊಂಬತ್ತು ಎಂದು ಎಣಿಸಿದವರು ಯಾರು?

ಅಳಿವೆಬಾಗಿಲು:
ಮೀನಿಗಿಂತ ಚೀಲ ಜಾಸ್ತಿ ಇರುವಲ್ಲಿ ಎಣಿಸುವುದು ಎಂತಕ್ಕೆ.

ಪಂಚಗಂಗಾವಳಿ:
ಎಲ್ಲರಿಗೂ ಥ್ಯಾಂಕ್ಸ್. 12 ಎಂಎಂ ಸರಳು ಹೇಳಿ ಬಂದೆ, ಹಗ್ಗ 120 ಮೀಟರ್, ಪೆಟ್ರೋಲ್ 25. ದೋಸ್ತ ಮುಂದೆ, ನಾನು ಎಂಜಿನ್.

ಗಾಳದಕೊಕ್ಕೆ:
ದೋಣಿಯ ಅಡಿ ಬೂಚು ಹಾಕಿದ್ದೀರಾ ಎಂದು ಇಷ್ಟು ಹೊತ್ತಾದರೂ ಯಾರೂ ಕೇಳಲಿಲ್ಲ ನೋಡಿ. ದಡದಲ್ಲಿ ನೀರು ಬಸಿಯಲು ತೆಗೆದವನು ಒಬ್ಬ, ನೀರಿಗೆ ತಳ್ಳುವವನು ಇನ್ನೊಬ್ಬ. ಬೂಚನ್ನು ಕಿಲ್ ಕಾರ್ಡಿಗೇ ದಾರದಿಂದ ಕಟ್ಟಿಡಿ. ಎಂಜಿನ್ ಸ್ಟಾರ್ಟ್ ಮಾಡಲು ಕಾರ್ಡ್ ಹುಡುಕುವಾಗ ಬೂಚೂ ಕೈಗೆ ಬರುತ್ತದೆ.

ಪಂಚಗಂಗಾವಳಿ:
ಈಗಲೇ ಹೋಗಿ ಕಟ್ಟಿದೆ.